ಸಿನಿಮಾ ಕತ್ತಲೆಯೋ, ಪರದೆ ಮಂಕೋ?

ಸಂಪಾದಕರಿಗೆ,

ದೊಡ್ಡ ಸಿನಿಮಾ ಬಿಡುಗಡೆಯಾದ ವಾರ ವಾಚಕರ ಪತ್ರಗಳಲ್ಲಿ ಮೂರು ದೂರು ತಪ್ಪದೆ ಕಾಣಿಸಿಕೊಳ್ಳುತ್ತವೆ. ರಾತ್ರಿ ದೃಶ್ಯಗಳಲ್ಲಿ ಏನೂ ಕಾಣಲಿಲ್ಲ, ಮಾತು ಕೇಳಿಸಲಿಲ್ಲ, ಹಿನ್ನೆಲೆ ಸಂಗೀತದ ಅಬ್ಬರಕ್ಕೆ ತಲೆನೋವು ಬಂತು. ಅದೇ ಸಿನಿಮಾ ಒಟಿಟಿಗೆ ಬಂದ ಮೇಲೆ ಇನ್ನೊಂದು ಬಗೆಯ ಪತ್ರ: 'ಎಲ್ಲರೂ ಹೊಗಳಿದರು ಅಂತ ನೋಡಿದರೆ ಸೀರಿಯಲ್ ಥರ ಇದೆ.' ಬೈಗುಳ ನೇರವಾಗಿ ನಿರ್ದೇಶಕರಿಗೋ ಛಾಯಾಗ್ರಾಹಕರಿಗೋ ಹೋಗುತ್ತದೆ. ಬೈಸಿಕೊಳ್ಳಬೇಕಾದ ಸಿನಿಮಾಗಳು ಬೇಕಾದಷ್ಟಿವೆ, ಇಲ್ಲ ಅನ್ನುವುದಿಲ್ಲ. ಆದರೆ ಪ್ರೊಜೆಕ್ಷನ್ ಕೋಣೆಯ ಕೆಲಸ ಬಲ್ಲವರು ಇಂಥ ಪತ್ರ ಓದಿದರೆ ಮೊದಲು ಕೇಳುವುದು, ಇವರು ಇದನ್ನು ಎಲ್ಲಿ ನೋಡಿದರು ಅಂತ. ಯಾವ ಹಾಲ್, ಯಾವ ಟಿವಿ, ಆ ಟಿವಿ ಯಾವ ಮೋಡ್‌ನಲ್ಲಿತ್ತು? ಅದು ಗೊತ್ತಾಗದೆ ಆ ಅಭಿಪ್ರಾಯ ಸಿನಿಮಾದ ಬಗ್ಗೆಯೋ ಯಂತ್ರದ ಬಗ್ಗೆಯೋ ಹೇಳಲು ಬರುವುದಿಲ್ಲ.

ಬೆಳಕಿನ ವಿಷಯ ಮೊದಲು. ಡಿಜಿಟಲ್ ಸಿನಿಮಾಕ್ಕೆ ಎಲ್ಲ ಕಡೆ ಒಪ್ಪಿಕೊಂಡ ಒಂದು ಅಳತೆ ಇದೆ. ಪರದೆಯ ನಡುಭಾಗದಲ್ಲಿ ಅಚ್ಚ ಬಿಳಿ 14 ಫುಟ್-ಲ್ಯಾಂಬರ್ಟ್, ಅಂದರೆ 48 ನಿಟ್ ಇರಬೇಕು (ಎರಡೂ ಪರದೆಯ ಹೊಳಪಿನ ಅಳತೆಗಳು). ಚಿತ್ರದ ಬಣ್ಣ, ಬೆಳಕು ಹದಮಾಡುವ ಕಲರಿಸ್ಟ್ ತಮ್ಮ ಕೋಣೆಯಲ್ಲಿ ಇದೇ ಅಳತೆಗೆ ಹೊಂದಿಸಿದ ಪರದೆ ನೋಡಿಕೊಂಡೇ ಕತ್ತಲಲ್ಲಿ ಎಷ್ಟು ಕಾಣಬೇಕು, ಎಷ್ಟು ಅಡಗಬೇಕು ಅಂತ ತೀರ್ಮಾನ ಮಾಡಿರುತ್ತಾರೆ. ಹಾಲ್‌ನಲ್ಲಿ ಅದು 25 ನಿಟ್‌ಗೆ ಇಳಿದಿದ್ದರೆ ಹಗಲಿನ ದೃಶ್ಯ ಹೇಗೋ ಸಾಗುತ್ತದೆ, ಲಾಟೀನಿನ ಬೆಳಕಲ್ಲಿ ತೆಗೆದ ಮುಖ ಹಿಂದಿನ ಗೋಡೆಯೊಳಗೆ ಸೇರಿಹೋಗುತ್ತದೆ.

ಯಾಕೆ ಇಳಿಯುತ್ತದೆ? ಲೆಕ್ಕ ಸುಲಭವಾಗಿದೆ. ಸಾದಾ ಬಿಳಿ ಪರದೆ 60 ಅಡಿ ಅಗಲ, 25 ಅಡಿ ಎತ್ತರ ಇದ್ದರೆ 1500 ಚದರಡಿ. ಅದನ್ನು 14ರಿಂದ ಗುಣಿಸಿದರೆ 21,000 ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ). ಇಷ್ಟು ಬೆಳಕು ಲೆನ್ಸ್ ದಾಟಿ, ಬೂತಿನ ಗಾಜು ದಾಟಿ ಪರದೆಗೆ ತಲುಪಬೇಕು. ಇದರ ಅರ್ಧ ಅಗಲ, ಅರ್ಧ ಎತ್ತರದ ಮಲ್ಟಿಪ್ಲೆಕ್ಸ್ ಪರದೆಗೆ ಕಾಲುಭಾಗ ಸಾಕು, 5,250. ಹಾಗಾಗಿ ದೊಡ್ಡ ಪರದೆಯ ಹಾಲ್ ನಡೆಸುವುದು ದುಬಾರಿ ಕೆಲಸ. ಕಪಾಲಿ, ಪ್ಲಾಜಾ, ರೆಕ್ಸ್ ಎಲ್ಲ ಹೋದ ಮೇಲೂ ಕೆ.ಜಿ. ರಸ್ತೆಯ ಸುತ್ತ, ರಾಜಾಜಿನಗರ, ಮಾಗಡಿ ರಸ್ತೆ ಕಡೆ ದೊಡ್ಡ ಪರದೆ ಉಳಿಸಿಕೊಂಡವರು ಪ್ರತಿ ಷೋಗೂ ಈ ಖರ್ಚು ಹೊರುತ್ತಿದ್ದಾರೆ ಅನ್ನುವುದನ್ನು ನೆನಪಿಡಬೇಕು.

ಝೀನಾನ್ ಅನಿಲ ತುಂಬಿದ ದೀಪದ ಪ್ರೊಜೆಕ್ಟರ್ ಆದರೆ ಇನ್ನೊಂದು ತಾಪತ್ರಯ ಇದೆ. ದೀಪದ ವ್ಯಾಟ್ ಹೆಚ್ಚಿದಷ್ಟೂ ಆಯುಸ್ಸು ಕಡಿಮೆ. 2 ಕಿಲೋವ್ಯಾಟ್ ದೀಪ ಎರಡು ಸಾವಿರ ಗಂಟೆಯ ಆಸುಪಾಸು ಬಂದರೆ, 6 ಕಿಲೋವ್ಯಾಟಿನದು ಐನೂರು-ಆರುನೂರು ಗಂಟೆಗೇ ಮುಗಿಯಿತು. ದಿನಕ್ಕೆ ಐದು ಷೋ, ಒಂದೊಂದು ಎರಡೂವರೆ ಗಂಟೆ ಅಂದರೆ ಹನ್ನೆರಡೂವರೆ ಗಂಟೆ ಉರಿಯುತ್ತದೆ. ದೊಡ್ಡ ದೀಪ ಎರಡು ತಿಂಗಳೂ ತಡೆಯುವುದಿಲ್ಲ. ಆಯುಸ್ಸು ಮುಗಿಯುವ ಮುಂಚೆಯೇ ಬೆಳಕು ದಿನದಿನಕ್ಕೆ ಇಳಿಯುತ್ತಿರುತ್ತದೆ. ಅದಕ್ಕೆ ತಕ್ಕಂತೆ ಕರೆಂಟ್ ಏರಿಸಿಕೊಂಡು ಹೋಗಬೇಕು, ದೀಪವನ್ನು ಮತ್ತೆ ನೇರಕ್ಕೆ ಕೂರಿಸಬೇಕು, ರಿಫ್ಲೆಕ್ಟರ್ ಒರೆಸಬೇಕು. ಕೆಲವು ಕಡೆ ದೀಪ ಬಾಳಿಕೆ ಬರಲಿ ಅಂತ ಕರೆಂಟನ್ನು ಬೇಕೆಂದೇ ಇಳಿಸಿಟ್ಟಿರುತ್ತಾರೆ. ಇದು ಉಳಿತಾಯವೇ ಅಲ್ಲ. ತಯಾರಕರು ಹೇಳಿದ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಒಳಗಿನ ಆರ್ಕ್ (ಬೆಳಕು ಕೊಡುವ ವಿದ್ಯುತ್ ಜ್ವಾಲೆ) ನಿಲ್ಲದೆ ಓಲಾಡುತ್ತದೆ, ಪರದೆಯಲ್ಲಿ ಮಿಣುಕು ಶುರುವಾಗುತ್ತದೆ, ಎಲೆಕ್ಟ್ರೋಡ್ ಸವೆದು ದೀಪ ಬೇಗನೆ ಹೋಗುತ್ತದೆ. ಲೇಸರ್ ಪ್ರೊಜೆಕ್ಟರ್ ಹಾಕಿಸಿಕೊಂಡವರಿಗೆ ಈ ಕಾಟ ಇಲ್ಲ. ಅದರ ಬೆಳಕು ಅರ್ಧಕ್ಕೆ ಇಳಿಯಲು ಇಪ್ಪತ್ತು ಸಾವಿರ ಗಂಟೆಗೂ ಮೇಲೆ ಬೇಕು. ಆದರೂ ಇಳಿಯುತ್ತದೆ, ಅಳೆಯುತ್ತಿರಬೇಕು.

ಎಲ್ಲಕ್ಕಿಂತ ಕೆಟ್ಟ ರೋಗ 3ಡಿ ಫಿಲ್ಟರ್ ತೆಗೆಯದೆ 2ಡಿ ಸಿನಿಮಾ ಓಡಿಸುವುದು. ಲೆನ್ಸ್ ಮುಂದಿನ ಈ ಫಿಲ್ಟರ್ (ಪೋಲರೈಸರ್) ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತದೆ. ಬೆಳಗ್ಗೆ ಮಕ್ಕಳ 3ಡಿ ಷೋ, ಮಧ್ಯಾಹ್ನ ಅದೇ ಪರದೆಯಲ್ಲಿ 2ಡಿ ಸಿನಿಮಾ ಇದ್ದಾಗ ಹೀಗಾಗುವುದು ಜಾಸ್ತಿ. ಅನುಮಾನ ಬಂದರೆ ಕೂತಲ್ಲಿಂದಲೇ ತಿರುಗಿ ಬೂತಿನ ಕಿಟಕಿ ನೋಡಿ. ಕೆಲವು ಮಾದರಿಯ ಪ್ರೊಜೆಕ್ಟರ್‌ಗಳಲ್ಲಿ 3ಡಿ ಲೆನ್ಸ್ ಹಾಗೇ ಇದ್ದರೆ ಒಂದರ ಮೇಲೊಂದು ಎರಡು ಬೆಳಕಿನ ಕಿರಣ ಕಾಣುತ್ತವೆ. ಇನ್ನು 3ಡಿಗಾಗಿ ಹಾಕಿಸಿದ ಬೆಳ್ಳಿ ಪರದೆಯ ಗುಣವೇ ಬೇರೆ. ನಡುವೆ ಹೊಳಪು, ಅಂಚಿನಲ್ಲಿ ಮಂಕು, ಪಕ್ಕದ ಸೀಟಿನಿಂದ ನೋಡಿದರೆ ಇನ್ನೂ ಮಂಕು. ಅಂಥ ಹಾಲ್‌ನಲ್ಲಿ ಗೋಡೆ ಬದಿಯ ಸೀಟು ಅಗ್ಗಕ್ಕೆ ಸಿಕ್ಕರೂ ಬೇಡ. ಯಾವ ಹಾಲ್ ಆದರೂ ಪರದೆಯಿಂದ ಹಿಂದಕ್ಕೆ ಮೂರನೇ ಎರಡು ಭಾಗದಷ್ಟು ದೂರ, ಸಾಲಿನ ನಡುಮಧ್ಯೆ ಸಿಕ್ಕ ಸೀಟೇ ಒಳ್ಳೆಯದು. ಸೌಂಡ್ ಹೊಂದಿಸುವವರು ಮೈಕ್ ಇಡುವುದೂ ಸುಮಾರು ಅಲ್ಲೇ.

ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕುವ ಬಗ್ಗೆ 2025ರಲ್ಲಿ ಸರ್ಕಾರದ ಆದೇಶ ಬಂತು, ಹೈಕೋರ್ಟಿನಲ್ಲಿ ತಡೆ ಬಂತು, ಚರ್ಚೆ ವಾರಗಟ್ಟಲೆ ನಡೆಯಿತು. ಆ ದುಡ್ಡಿಗೆ ಪರದೆ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಅಂತ ಕೇಳಿದವರನ್ನು ಕಾಣೆ.

ಸದ್ದಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಹಾಲ್‌ನ ಸೌಂಡ್ ಪ್ರೊಸೆಸರ್‌ನಲ್ಲಿ ಸದ್ದು ಏರಿಸಿ ಇಳಿಸಲು ಫೇಡರ್ ಅಂತ ಒಂದು ಗುಂಡಿ ಇರುತ್ತದೆ, ಸೊನ್ನೆಯಿಂದ 10ರವರೆಗೆ. 7 ಅಂದರೆ ಮಾನದಂಡ. ಪರದೆ ಹಿಂದಿನ ಪ್ರತಿ ಸ್ಪೀಕರ್ ಚಾನೆಲ್ ಪರೀಕ್ಷಾ ಸದ್ದಿಗೆ 85 ಡೆಸಿಬಲ್ ಕೊಡುವಂತೆ ಹೊಂದಿಸಿರುವುದು ಈ 7ಕ್ಕೆ. ಸಿನಿಮಾದ ಸದ್ದುಗಳನ್ನೆಲ್ಲ ಬೆರೆಸುವ ಮಿಕ್ಸಿಂಗ್ ಥಿಯೇಟರ್‌ನಲ್ಲಿ ಪಿಸುಮಾತು ಎಷ್ಟು ಕೇಳಬೇಕು ಅಂತ ನಿರ್ಧಾರವಾಗುವುದೂ ಇದೇ ಮಟ್ಟದಲ್ಲಿ. ನಮ್ಮ ಹಾಲ್‌ಗಳಲ್ಲಿ ಆಗುವುದೇನು? ಷೋ ಶುರುವಾಗುವಾಗ ಜಾಹೀರಾತು, ಟ್ರೇಲರ್ ಕಿವಿ ಹರಿಯುವ ಹಾಗೆ ಕೂಗುತ್ತವೆ. ಯಾರೋ ಎದ್ದು ಹೋಗಿ ದೂರು ಕೊಡುತ್ತಾರೆ. ಆಪರೇಟರ್ ಫೇಡರನ್ನು 5ಕ್ಕೆ ಇಳಿಸುತ್ತಾರೆ. ಸಿನಿಮಾ ಶುರುವಾದ ಮೇಲೆ ಮತ್ತೆ ಏರಿಸಲು ಯಾರಿಗೂ ನೆನಪಿಲ್ಲ. ಈ ಗುಂಡಿಯಲ್ಲಿ 4ರಿಂದ ಮೇಲಕ್ಕೆ ಒಂದೊಂದು ಅಂಕೆಗೂ ಮೂರೂಕಾಲು ಡೆಸಿಬಲ್‌ಗಿಂತ ತುಸು ಹೆಚ್ಚು ವ್ಯತ್ಯಾಸ. 7ರಿಂದ 5 ಅಂದರೆ ಆರೂವರೆ ಡೆಸಿಬಲ್‌ಗೂ ಮೇಲೆ ಹೋಯಿತು. ಹೊಡೆದಾಟದ ಸದ್ದು ಆಗಲೂ ಜೋರಾಗೇ ಇರುತ್ತದೆ, ಮೆಲುದನಿಯ ಮಾತು ಮಾತ್ರ ಎಸಿ ಸದ್ದಿನಲ್ಲಿ ಮುಳುಗುತ್ತದೆ. ಹಾಲ್‌ಗಳು ಇಳಿಸುತ್ತವೆ ಅಂತ ತಿಳಿದ ನಿರ್ಮಾಪಕರು ಮಿಕ್ಸಿಂಗ್‌ನಲ್ಲೇ ಏರಿಸಿ ಕಳಿಸುತ್ತಾರೆ, ಏರಿಸಿದ್ದಾರೆ ಅಂತ ಹಾಲ್‌ನವರು ಇನ್ನಷ್ಟು ಇಳಿಸುತ್ತಾರೆ. ಈ ಜಗಳದಲ್ಲಿ ಬಡವಾದದ್ದು ಸಂಭಾಷಣೆ.

ಇನ್ನೊಂದು ಸಾಧ್ಯತೆ ಇದೆ, ಇದನ್ನು ಪ್ರೇಕ್ಷಕರೇ ಪತ್ತೆ ಹಚ್ಚಬಹುದು. 5.1 ಮಿಕ್ಸ್‌ನಲ್ಲಿ (ಐದು ಮುಖ್ಯ ಚಾನೆಲ್, ಒಂದು ಬೇಸ್ ಚಾನೆಲ್) ಮಾತು ಬಹುಪಾಲು ಬರುವುದು ಪರದೆಯ ಹಿಂದೆ ನಡುವಿನಲ್ಲಿರುವ ಸೆಂಟರ್ ಸ್ಪೀಕರಿನಿಂದ. ಪರದೆಯಲ್ಲಿ ಸಣ್ಣ ತೂತುಗಳಿರುವುದು ಆ ಸದ್ದು ಹೊರಬರಲಿ ಅಂತ. ಸಂಗೀತ, ಮಳೆ, ಗಾಡಿ ಸದ್ದು ಎಲ್ಲ ತುಂಬಿಕೊಂಡು ಬರುತ್ತಿದ್ದು, ಮಾತು ಮಾತ್ರ ಎಲ್ಲೋ ದೂರದ ಬಾವಿಯಿಂದ ಬಂದ ಹಾಗಿದ್ದರೆ ಸೆಂಟರ್ ಆಂಪ್ಲಿಫೈಯರ್ ಹೋಗಿದೆ ಅಂತಲೇ ತಿಳಿಯಿರಿ. ಮಾತು ಬರುತ್ತಿದೆ, ಆದರೆ 'ಸ', 'ಶ', 'ಚ' ಅಕ್ಷರಗಳು ಮೊಂಡಾಗಿ ಕೇಳುತ್ತಿವೆ ಅಂದರೆ ಅದೇ ಸ್ಪೀಕರಿನ ಎತ್ತರದ ಸ್ವರಗಳ ಹಾರ್ನ್ ಡ್ರೈವರ್ ಸುಟ್ಟಿರಬಹುದು. ಎಲ್ಲವೂ ಒಂದೇ ಸಮ ಕಮ್ಮಿ ಇದ್ದರೆ ಫೇಡರ್. ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪಿದೆ ಅನ್ನಿಸಿದರೆ ಮೊದಲು ಎಲ್ಲಿ ಕೂತಿದ್ದೀರಿ ನೋಡಿಕೊಳ್ಳಿ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತದೆ. ಪರದೆಯಿಂದ 30 ಮೀಟರ್ ಹಿಂದಿನ ಬಾಲ್ಕನಿಗೆ ಅದು ಎರಡು ಫ್ರೇಮ್ ತಡವಾಗಿಯೇ ಬರುವುದು, ಯಾರ ತಪ್ಪೂ ಅಲ್ಲ.

ದೂರು ಹೇಳುವುದಕ್ಕೂ ಒಂದು ಕ್ರಮ ಇದೆ. ಮಲ್ಟಿಪ್ಲೆಕ್ಸ್ ಬೂತಿನಲ್ಲಿ ಈಗ ಷೋ ಉದ್ದಕ್ಕೂ ಯಾರೂ ಇರುವುದಿಲ್ಲ. ಬೆಳಗ್ಗೆಯೇ ಪಟ್ಟಿ ಹಾಕಿಟ್ಟರೆ ದೀಪ ಹೊತ್ತುವುದು, ಪರದೆ ಅಂಚಿನ ಕಪ್ಪು ಬಟ್ಟೆ ಸರಿಯುವುದು, ಹಾಲ್‌ನ ಲೈಟ್ ಆರುವುದು ಎಲ್ಲ ತಾನಾಗಿ ನಡೆಯುತ್ತದೆ. ನಿಮ್ಮ ತೊಂದರೆ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಬಾಗಿಲ ಬಳಿಯ ಹುಡುಗನಿಗೆ ಹೇಳಿ ಕೂತರೆ ಆಗುವುದಿಲ್ಲ, ಡ್ಯೂಟಿ ಮ್ಯಾನೇಜರ್ ಕೇಳಿ. ಮೊದಲ ಹತ್ತು ನಿಮಿಷದೊಳಗೆ ಹೇಳಿ, ಪರದೆ ಸಂಖ್ಯೆ ಹೇಳಿ. 'ಮಂಕಾಗಿದೆ' ಅಂದರೆ 'ಸಿನಿಮಾನೇ ಹಾಗೆ ಸಾರ್' ಅಂತ ಉತ್ತರ ಸಿದ್ಧ ಇರುತ್ತದೆ. ಅದರ ಬದಲು '3ಡಿ ಫಿಲ್ಟರ್ ತೆಗೆದಿದೆಯಾ ನೋಡಿ', 'ಫೇಡರ್ ಎಷ್ಟರಲ್ಲಿದೆ', 'ಸೆಂಟರ್ ಬರ್ತಿಲ್ಲ' ಅಂತ ಹೇಳಿ ನೋಡಿ. ಎದುರಿನವರು ನಿಲ್ಲುವ ಭಂಗಿಯೇ ಬದಲಾಗುತ್ತದೆ. ಒಂದು ವಿಷಯದಲ್ಲಿ ಮಾತ್ರ ಹಾಲ್‌ನವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಮೊದಲ ಷೋ ತಡವಾದಾಗ 'ಕೆಡಿಎಂ ಬಂದಿಲ್ಲ' ಅನ್ನುತ್ತಾರಲ್ಲ, ಅದು ನೆಪವಲ್ಲ. ಸಿನಿಮಾ ಫೈಲ್ ಬೀಗ ಹಾಕಿಕೊಂಡೇ ಬರುತ್ತದೆ. ಕೆಡಿಎಂ ಅಂದರೆ ಆ ಬೀಗದ ಕೀ, ಒಂದು ಪರದೆಯ ಸರ್ವರ್‌ಗೆ ಮಾತ್ರ, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಅಂತ ಲೆಕ್ಕ ಹಾಕಿ ಮಾಡಿದ್ದು. ಕೊನೆ ಗಳಿಗೆಯಲ್ಲಿ ಎರಡನೇ ಪರದೆಯ ಸಿನಿಮಾವನ್ನು ಐದನೆಯದಕ್ಕೆ ಬದಲಾಯಿಸಿದರೆ ಹೊಸ ಕೀ ಬರುವ ತನಕ ಕಾಯಲೇಬೇಕು.

ಮನೆಯ ಟಿವಿಗೆ ಬಂದರೆ ದೂರು ಹೇಳಲು ಮ್ಯಾನೇಜರ್ ಇಲ್ಲ, ರಿಮೋಟ್ ನಮ್ಮ ಕೈಯಲ್ಲೇ ಇದೆ.

'ಸೀರಿಯಲ್ ಥರ ಇದೆ' ಅನ್ನುವ ಪತ್ರ ಬರೆದವರಿಗೆ ಉತ್ತರ ಸುಮಾರಾಗಿ ಒಂದೇ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ. ಟಿವಿ ಎರಡು ಫ್ರೇಮ್‌ಗಳ ಮಧ್ಯೆ ತಾನೇ ಹೊಸ ಫ್ರೇಮ್ ಊಹಿಸಿ ಸೇರಿಸುತ್ತದೆ. ಚಲನೆ ನುಣ್ಣಗಾಗುತ್ತದೆ, ಕ್ರಿಕೆಟ್‌ಗೆ ಅದು ಚೆಂದ. ಸಿನಿಮಾದಲ್ಲಿ ಎಲ್ಲ ವಿಡಿಯೋ ಕ್ಯಾಮೆರಾದಲ್ಲಿ ತೆಗೆದ ಹಾಗೆ ಕಾಣುತ್ತದೆ, ಬೇಗ ಕೈ ಬೀಸಿದರೆ ಬೆರಳಿನ ಸುತ್ತ ಚಿತ್ರ ಹರಿದಂತಾಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಆಫ್ ಮಾಡಿ. ಈಚಿನ ಟಿವಿಗಳಲ್ಲಿ 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಅದನ್ನೇ ಆರಿಸಿ, ಇಂಥ ಅಲಂಕಾರ ಎಲ್ಲ ಒಟ್ಟಿಗೆ ಆರಿಹೋಗುತ್ತದೆ. ಇಲ್ಲದಿದ್ದರೆ 'ಸಿನಿಮಾ' ಅಥವಾ 'ಮೂವಿ' ಮೋಡ್. ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎದ್ದು ಕಾಣಲೆಂದು ಮಾಡಿದ 'ವಿವಿಡ್', 'ಡೈನಾಮಿಕ್' ಮೋಡ್‌ನಲ್ಲಿ ಮನೆಯಲ್ಲಿ ಸಿನಿಮಾ ನೋಡಬಾರದು. ಮೂವಿ ಮೋಡ್‌ಗೆ ಬದಲಾಯಿಸಿದ ಕೂಡಲೇ ಚಿತ್ರ ಹಳದಿ ತಿರುಗಿದಂತೆ ಕಾಣುತ್ತದೆ, ಮನೆಯವರು ಬೇಡ ಅನ್ನುತ್ತಾರೆ. ಅಷ್ಟು ದಿನ ನೋಡಿದ್ದು ನೀಲಿ ತಿರುಗಿದ ಬಿಳಿ, ಅದಕ್ಕೇ ಹಾಗನ್ನಿಸುವುದು. ಒಂದು ಸಿನಿಮಾ ಮುಗಿಯುವಷ್ಟರಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಷಾರ್ಪ್‌ನೆಸ್ ಸೊನ್ನೆಯ ಹತ್ತಿರ ಇಡಿ. ಸೋನಿಯಂಥ ಕೆಲವು ಟಿವಿಗಳಲ್ಲಿ ಮಾತ್ರ 50 ಸಹಜ ಮಟ್ಟ. ಪವರ್ ಸೇವಿಂಗ್ ಆಫ್ ಇರಲಿ, ಕೋಣೆಯ ಬೆಳಕು ನೋಡಿ ತಾನೇ ಮಂಕಾಗುವ ಚಾಳಿ ಅದರದು.

ಮನೆಯಲ್ಲಿ ಕತ್ತಲೆ ಕಾಡುವುದು ಹೆಚ್ಚಾಗಿ ಎಚ್‌ಡಿಆರ್‌ನಿಂದ, ಅಂದರೆ ಕತ್ತಲಿಗೂ ಹೊಳಪಿಗೂ ನಡುವಿನ ಅಂತರ ಹಿಗ್ಗಿಸಿ ತೋರಿಸುವ ವಿಧಾನದಿಂದ. ಎಚ್‌ಡಿಆರ್ ಪ್ರತಿಯನ್ನು ಸಾಮಾನ್ಯವಾಗಿ 1000 ನಿಟ್ ಮಾನಿಟರ್ ನೋಡಿ ಸಿದ್ಧ ಮಾಡುತ್ತಾರೆ. ಅಗ್ಗದ 4ಕೆ ಟಿವಿ 250-300 ನಿಟ್ ಮುಟ್ಟಿದರೆ ಹೆಚ್ಚು. ಪೆಟ್ಟಿಗೆ ಮೇಲೆ ಎಚ್‌ಡಿಆರ್ ಅಂತ ಬರೆದಿರುವುದರ ಅರ್ಥ ಆ ಸಿಗ್ನಲ್ಲನ್ನು ಓದಬಲ್ಲದು ಅಂತ ಅಷ್ಟೇ, ತೋರಿಸಬಲ್ಲದು ಅಂತ ಅಲ್ಲ. ಹೊಳಪನ್ನು ಹೇಗೋ ಒಳಗೆ ತುರುಕಲು ಹೋಗಿ ಟಿವಿ ಉಳಿದದ್ದನ್ನೆಲ್ಲ ಕೆಳಗೆ ತಳ್ಳುತ್ತದೆ. ಎಚ್‌ಡಿಆರ್ ಸಿನಿಮಾ ಓಡುತ್ತಿರುವಾಗಲೇ ಸೆಟ್ಟಿಂಗ್ ತೆರೆಯಬೇಕು, ಯಾಕೆಂದರೆ ಅದಕ್ಕೆ ಬೇರೆಯದೇ ನೆನಪು ಇರುತ್ತದೆ. ಮಾಮೂಲಿ ಚಾನೆಲ್‌ಗೆ ಮಾಡಿದ ಬದಲಾವಣೆ ಅಲ್ಲಿಗೆ ಹೋಗಿರುವುದಿಲ್ಲ. ಬ್ಯಾಕ್‌ಲೈಟ್ ಪೂರ್ತಿ ಏರಿಸಿ, ದೃಶ್ಯಕ್ಕೆ ತಕ್ಕಂತೆ ಹೊಳಪು ಹೊಂದಿಸುವ ಡೈನಾಮಿಕ್ ಟೋನ್ ಮ್ಯಾಪಿಂಗ್ ಇದ್ದರೆ ಹಾಕಿ, ಎಚ್‌ಡಿಆರ್‌ನದೇ ಒಂದು ಬಗೆಯಾದ ಡಾಲ್ಬಿ ವಿಷನ್‌ನಲ್ಲಿ 'ಡಾರ್ಕ್' ಬಿಟ್ಟು 'ಬ್ರೈಟ್' ಆರಿಸಿ. ಆಗಲೂ ಕಾಣದಿದ್ದರೆ, ಸ್ಟ್ರೀಮಿಂಗ್ ಸ್ಟಿಕ್ ಬಳಸುವವರು ಅದರ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ಅನ್ನೇ ನಿಲ್ಲಿಸಬಹುದು. ಅಗ್ಗದ ಟಿವಿಯಲ್ಲಿ ಒಳ್ಳೆಯ ಎಸ್‌ಡಿಆರ್ (ಎಚ್‌ಡಿಆರ್ ಅಲ್ಲದ ಮಾಮೂಲಿ) ಚಿತ್ರ ಕೆಟ್ಟ ಎಚ್‌ಡಿಆರ್‌ಗಿಂತ ಎಷ್ಟೋ ಮೇಲು. ಎದುರುಗೋಡೆಯ ಟ್ಯೂಬ್‌ಲೈಟ್ ಆರಿಸಿ, ಬೆಳಕು ಬೇಕೇ ಬೇಕು ಅಂದರೆ ಟಿವಿಯ ಹಿಂದೆ ಸಣ್ಣ ಬಿಳಿ ದೀಪ ಇಡಿ.

ದೂರದ ಬಗ್ಗೆ ಒಂದೇ ಮಾತು. 55 ಇಂಚಿನ ಟಿವಿಗೆ ಏಳೂವರೆ ಅಡಿ, 43 ಇಂಚಿನದಕ್ಕೆ ಆರು ಅಡಿ. ಅದಕ್ಕಿಂತ ಹಿಂದೆ ಹೋದಷ್ಟೂ ಚಿತ್ರ ನೋಟದ 30 ಡಿಗ್ರಿಯನ್ನೂ ತುಂಬುವುದಿಲ್ಲ. ನಮ್ಮಲ್ಲಿ ಸೋಫಾ ಗೋಡೆಗೆ ಆನಿಸಿ ಹತ್ತು-ಹನ್ನೆರಡು ಅಡಿ ದೂರ ಕೂರುವುದೇ ರೂಢಿ. ಆಮೇಲೆ 'ಥಿಯೇಟರ್ ಅನುಭವ ಇಲ್ಲ' ಅನ್ನುತ್ತೇವೆ.

ಚಾನೆಲ್‌ಗಳಲ್ಲಿ ನೋಡುವವರು ಇನ್ನೊಂದನ್ನು ಗಮನಿಸಬೇಕು. ಸಿನಿಮಾಸ್ಕೋಪ್ ಚಿತ್ರದ ಅಳತೆ 2.39ಕ್ಕೆ 1, ಟಿವಿಯದು 1.78ಕ್ಕೆ 1. ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡದೆ ಪರದೆ ತುಂಬಿಸಬೇಕೆಂದರೆ ಅಕ್ಕಪಕ್ಕ ಕತ್ತರಿಸಲೇಬೇಕು, ಚಿತ್ರದ ಕಾಲುಭಾಗ ಹೋಗುತ್ತದೆ. ಇಬ್ಬರು ಎರಡು ಅಂಚಿನಲ್ಲಿ ನಿಂತು ಮಾತಾಡುವ ದೃಶ್ಯದಲ್ಲಿ ನಮಗೆ ಸಿಗುವುದು ಎರಡು ಮೂಗು, ನಡುವೆ ಒಂದು ಕಿಟಕಿ. ಚೌಕಟ್ಟು ಕೆಟ್ಟದಾಗಿದೆ ಅಂತ ಛಾಯಾಗ್ರಾಹಕರನ್ನು ಬೈಯುವ ಮುನ್ನ ಇದು ನೆನಪಿರಲಿ. ಹಳೆಯ ಕಪ್ಪುಬಿಳುಪು ಕನ್ನಡ ಚಿತ್ರಗಳಿಗೆ ಉಲ್ಟಾ ಶಿಕ್ಷೆ: ಹೆಚ್ಚುಕಮ್ಮಿ 4ಕ್ಕೆ 3ರ ಅಳತೆಯ ಚಿತ್ರವನ್ನು ಅಡ್ಡಕ್ಕೆ ಎಳೆದು ಎಲ್ಲರ ಮುಖವನ್ನೂ ಚಪ್ಪಟೆ ಮಾಡಿರುತ್ತಾರೆ. ಸೆಟ್ ಟಾಪ್ ಬಾಕ್ಸ್‌ನಲ್ಲಿ ಅಳತೆಯನ್ನು 'ಒರಿಜಿನಲ್' ಅಥವಾ '4:3'ಕ್ಕೆ ಬದಲಾಯಿಸಿದರೆ ಮುಖಗಳು ಮತ್ತೆ ಮನುಷ್ಯರದಾಗುತ್ತವೆ. ಚಾನೆಲ್‌ನವರೇ ಎಳೆದು ಕಳಿಸಿದ್ದರೆ 'ಒರಿಜಿನಲ್' ಇಟ್ಟರೂ ಸರಿಹೋಗುವುದಿಲ್ಲ.

ಮಾತು ಕೇಳಿಸದಿರುವುದಕ್ಕೆ ಮನೆಯಲ್ಲಿ ಕಾರಣ ಬೇರೆ. ತೆಳು ಟಿವಿಯ ಸ್ಪೀಕರ್ ಕೆಳಗೋ ಹಿಂದಕ್ಕೋ ಮುಖ ಮಾಡಿರುತ್ತದೆ. ಮೇಲೆ ಫ್ಯಾನ್, ಕೆಳಗೆ ವಿಟ್ರಿಫೈಡ್ ಟೈಲ್ಸ್, ಸುತ್ತ ಬೋಳು ಗೋಡೆ, ಹೊರಗೆ ರಸ್ತೆ. ಹಾಲ್‌ನಲ್ಲಿ ನೆಲದಿಂದ ಗೋಡೆವರೆಗೆ ಬಟ್ಟೆ ಹಾಸಿರುವುದು ಶೋಕಿಗಲ್ಲ. ಒಂದು ದಪ್ಪ ಜಮಖಾನ, ಕಿಟಕಿಗೆ ಎಳೆದ ಪರದೆ ಇಷ್ಟಕ್ಕೇ ಮಾತು ಎಷ್ಟೋ ತಿಳಿಯಾಗುತ್ತದೆ. ಒಟಿಟಿಯ ಆಡಿಯೋ ಪಟ್ಟಿ ತೆರೆದು ಯಾವ ಟ್ರ್ಯಾಕ್ ಓಡುತ್ತಿದೆ ನೋಡಿ. ಟಿವಿಯದೇ ಸ್ಪೀಕರ್ ಆದರೆ 5.1 ಬಿಟ್ಟು ಸ್ಟೀರಿಯೋ ಆರಿಸುವುದು ಲೇಸು. ಸೌಂಡ್‌ಬಾರ್ ಇದ್ದು ಮಾತು ಮಾತ್ರ ಕಳೆದುಹೋಗುತ್ತಿದ್ದರೆ ಟಿವಿಯ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂಗೆ (ಸಾದಾ ಸ್ಟೀರಿಯೋ ಸದ್ದಿಗೆ) ಬದಲಾಯಿಸಿ ನೋಡಿ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ನೋಡುವವರಿಗೆ 'ನೈಟ್ ಮೋಡ್' ಒಳ್ಳೆಯದು, ಅಬ್ಬರವನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. ತುಟಿಗೂ ಮಾತಿಗೂ ತಪ್ಪುತ್ತಿದ್ದರೆ ಸದ್ದನ್ನು ಚಿತ್ರಕ್ಕೆ ಹೊಂದಿಸುವ 'ಎವಿ ಸಿಂಕ್' ಇದೆ, ಬ್ಲೂಟೂತ್‌ನಲ್ಲಿ ಕೇಳುತ್ತಿದ್ದರೆ ಮೊದಲು ವೈರ್ ಹಾಕಿ ನೋಡಿ. ಡಬ್ಬಿಂಗ್ ಚಿತ್ರಗಳಲ್ಲಿ ಕನ್ನಡದ ಟ್ರ್ಯಾಕ್ ಇದ್ದೂ ಹಿಂದಿ ತಾನಾಗಿ ಶುರುವಾಗುವುದು ಇನ್ನೊಂದು ಪೀಡೆ. ಪ್ರೊಫೈಲ್‌ನ ಭಾಷೆಯನ್ನು ಒಮ್ಮೆ ಕನ್ನಡಕ್ಕೆ ಬದಲಾಯಿಸಿಟ್ಟರೆ ಈ ಕಿರಿಕಿರಿ ಕಮ್ಮಿ.

ಯಾವ ಸಿನಿಮಾ ಎಲ್ಲಿ ನೋಡಬೇಕು ಅನ್ನುವುದರಲ್ಲಿ ಜನ ತಲೆಕೆಳಗಾಗಿ ಯೋಚಿಸುತ್ತಾರೆ ಅನ್ನಿಸುತ್ತದೆ. ಹೊಡೆದಾಟದ ದೊಡ್ಡ ಚಿತ್ರಕ್ಕೆ ಹಾಲ್, ನಿಧಾನದ ಚಿತ್ರ ಮನೆಗೆ ಸಾಕು ಅನ್ನುವುದು ವಾಡಿಕೆ. ಹೊಡೆದಾಟ ಮನೆಯಲ್ಲೂ ಹೊಡೆದಾಟವೇ. ಒಂದೇ ಷಾಟ್ ಎರಡು ನಿಮಿಷ ನಿಲ್ಲುವ ಚಿತ್ರಕ್ಕೇ ಹಾಲ್ ಬೇಕು. ಮನೆಯಲ್ಲಿ ಆ ಎರಡು ನಿಮಿಷಕ್ಕೆ ಕೈ ಫೋನಿಗೆ ಹೋಗುತ್ತದೆ, ಆಮೇಲೆ 'ಎಳೆದಿದ್ದಾರೆ' ಅಂತ ಪತ್ರ ಬರುತ್ತದೆ. ಹಾಸ್ಯಕ್ಕೂ ಜನ ಬೇಕು. ತುಂಬಿದ ಹಾಲ್‌ನಲ್ಲಿ ನಗು ನಿಲ್ಲಲಿ ಅಂತ ಬಿಟ್ಟ ಜಾಗ ಒಬ್ಬರೇ ಕೂತು ನೋಡುವಾಗ ಖಾಲಿ ಖಾಲಿ ಅನ್ನಿಸುತ್ತದೆ. ಮಾತೇ ಪ್ರಧಾನವಾದ ಕೋರ್ಟಿನ ಕಥೆ, ಮನೆಯೊಳಗಿನ ಜಗಳದ ಕಥೆ ಇಂಥವು ಟಿವಿಯಲ್ಲಿ ಹೆಚ್ಚು ಕಳೆದುಕೊಳ್ಳುವುದಿಲ್ಲ.

ಪತ್ರಿಕೆಗೆ ಒಂದು ಕೋರಿಕೆ. ವಿಮರ್ಶೆಯ ಕೊನೆಗೆ ನಕ್ಷತ್ರಗಳ ಪಕ್ಕ ಒಂದು ಸಾಲು ಹಾಕಿ: 'ನೋಡಿದ್ದು: ಮಲ್ಟಿಪ್ಲೆಕ್ಸ್, ಲೇಸರ್, 2ಡಿ, ಕನ್ನಡ ಮೂಲ ಧ್ವನಿ' ಅಂತಲೋ, 'ಒಟಿಟಿ, 55 ಇಂಚಿನ ಟಿವಿ, ಎಚ್‌ಡಿಆರ್' ಅಂತಲೋ. ನಿರ್ಮಾಪಕರು ಕಳಿಸಿದ ಲಿಂಕ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದರೆ ಅದನ್ನೂ ಬರೆಯಿರಿ, ಮುಚ್ಚಿಡುವಂಥದ್ದೇನಿಲ್ಲ. ವಾಚಕರ ಪತ್ರಗಳಿಗೂ ಇದೇ ನಿಯಮ ಇರಲಿ, ಚಿತ್ರಮಂದಿರದಲ್ಲಿ ನೋಡಿದವರು ಪರದೆ ಸಂಖ್ಯೆ, ಷೋ ಹೊತ್ತು ಬರೆಯಲಿ. ಒಂದೇ ಪರದೆಯ ಬಗ್ಗೆ ನಾಲ್ಕು ಪತ್ರದಲ್ಲಿ 'ಕತ್ತಲೆ' ಅಂತ ಬಂದು, ಬೇರೆ ಹಾಲ್‌ನಲ್ಲಿ ನೋಡಿದವರು ಯಾರೂ ಹಾಗೆ ಬರೆಯದಿದ್ದರೆ, ನಿಮ್ಮ ವರದಿಗಾರರು ಹೋಗಿ ಕೇಳಬೇಕಾದದ್ದು ಛಾಯಾಗ್ರಾಹಕರನ್ನಲ್ಲ. ಆ ಪರದೆಯ ದೀಪ ಬದಲಾಯಿಸಿ ಎಷ್ಟು ಗಂಟೆಯಾಯಿತು ಅಂತ ಮ್ಯಾನೇಜರ್‌ರನ್ನು ಕೇಳಲಿ. ಪ್ರೊಜೆಕ್ಟರಿನ ಮೆನುವಿನಲ್ಲೇ ಆ ಲೆಕ್ಕ ಇರುತ್ತದೆ.

— ಒಬ್ಬ ಪ್ರೊಜೆಕ್ಷನ್ ತಂತ್ರಜ್ಞ, ರಾಜಾಜಿನಗರ, ಬೆಂಗಳೂರು